ಹಿಡಿಕೆ ಮುರಿದ ಚಹದ ಕಪ್ಪು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿದ್ದ ಟಿವಿಯ ಮರದ ಬಾಗಿಲು ಎಡದಿಂದ ಬಲಕ್ಕೆ ಸರಿಯುತ್ತಿತ್ತೋ, ಎರಡೂ ಕಡೆಯಿಂದ ಬಂದು ನಡುವೆ ಕೂಡುತ್ತಿತ್ತೋ, ಈಗ ನನಗೆ ಖಾತ್ರಿಯಿಲ್ಲ. ನಾವು ಕಾಯುತ್ತಿದ್ದ ಧಾರಾವಾಹಿ ಶುಕ್ರವಾರ ಸಂಜೆ ಬರುತ್ತಿತ್ತೆಂದು ನಾನು, ಶನಿವಾರವೆಂದು ಅವ್ವ. ಈ ಜಗಳ ಇನ್ನೂ ತೀರಿಲ್ಲ. ಮುಂದೆ ಬರೆಯುವುದರಲ್ಲಿ ಇಂಥ ತಪ್ಪುಗಳು ಇನ್ನಷ್ಟು ಇರಬಹುದು, ಓದುವವರು ಸಹಿಸಿಕೊಳ್ಳಬೇಕು. ಆದರೆ ವಾಸನೆಯ ವಿಷಯದಲ್ಲಿ ನಾನು ಮೋಸಹೋಗುವುದಿಲ್ಲ. ಹೋದ ತಿಂಗಳು ಅವ್ವನ ಮಿಕ್ಸರ್ ರಿಪೇರಿಗೆಂದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾವುದೋ ಕಾಲದ ಡಬ್ಬಿ ಟಿವಿಯೊಂದರ ಬೆನ್ನು ಬಿಚ್ಚಿ, ಹಚ್ಚಿ ನೋಡುತ್ತ ಕುಳಿತಿದ್ದ. ಒಳಗಿನ ಧೂಳು ಕಾದು ಮೇಲೆದ್ದ ವಾಸನೆ ಮೂಗಿಗೆ ಬಡಿಯಿತು. ಸ್ವಲ್ಪ ಸುಟ್ಟ ಕೂದಲಿನಂಥದು, ಸ್ವಲ್ಪ ಬಿಸಿಲಿಗೆ ಕಾದ ತಗಡಿನಂಥದು. ಆ ವಾಸನೆಯ ಹಿಂದೆಯೇ ಶುಂಠಿ ಚಹದ ಆವಿ ಬಂತು, ಹಸಿ ಶಹಾಬಾದ್ ಕಲ್ಲಿನ ನೆಲದ ತಂಪು ಬಂತು, ಅಪ್ಪನ ಕೆಮ್ಮು ಬಂತು. ಮಿಕ್ಸರ್ ಕೌಂಟರಿನ ಮೇಲಿಟ್ಟು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. "ಏನಾಯ್ತ್ರೀ ಬಾಯಿ, ಚಕ್ಕರ್ ಬಂತೇನು?" ಎಂದು ಅವನು ಕೇಳಿದ.

ನಮ್ಮ ಬಾಡಿಗೆ ಮನೆ ಕಲಬುರಗಿಯಲ್ಲಿ ಕೋಟೆಯ ಹಿಂಬದಿಗಿತ್ತು. ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಪುಟ್ಟ ಅಂಗಳ, ಅಂಗಳದ ಮೂಲೆಯಲ್ಲಿ ಒಂದು ನಳ. ಪಡಸಾಲೆಯ ಮೇಜಿನ ಮೇಲೆ ಟಿವಿ, ಮಾಳಿಗೆಯ ಮೇಲೆ ಅದರ ಆಂಟೆನಾ. ಗಾಳಿ ಬಿಟ್ಟರೆ ಸಾಕು, ಚಿತ್ರದ ತುಂಬ ಜೋಳದ ಹಿಟ್ಟು ಜರಡಿ ಹಿಡಿದಂತಾಗುತ್ತಿತ್ತು. ಆಗ ಅವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದಳು. ಅಪ್ಪ ಕೆಳಗೆ ಕುರ್ಚಿಯಿಂದ ಏಳದೆಯೇ, "ಬೀದರ್ ಕಡಿ ತಿರವು! ಬೀದರ್ ಕಡಿ! ಅದು ಸೊಲ್ಲಾಪುರ ಆಯ್ತು!" ಎಂದು ಕೂಗುತ್ತಿದ್ದ. ದಿಕ್ಕುಗಳಿಗೆ ಅವನು ಊರಿನ ಹೆಸರನ್ನೇ ಹೇಳುತ್ತಿದ್ದದ್ದು ಚೇಷ್ಟೆಗಲ್ಲ. ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಕಡೆಗೆ ಬಿಡಬೇಕೆಂದು ಮೈಕಿನಲ್ಲಿ ಹೇಳುವ ಕೆಲಸ. ಮನೆಯಲ್ಲಿಯೂ ಅದೇ ದನಿ, ಅದೇ ಜೋರು. ಉಪ್ಪು ಬೇಕಾದರೂ ಗಾಡಿ ಬಿಟ್ಟ ಹಾಗೆಯೇ ಕೇಳುತ್ತಿದ್ದ.

ಅಪ್ಪನಿಗೆ ಜಗತ್ತಿನ ಜನರೆಲ್ಲ ಪ್ಲಾಟ್‌ಫಾರಂ ಪ್ರಕಾರ ವಿಂಗಡಣೆಯಾಗಿದ್ದರು. ರಾಯಚೂರು ಗಾಡಿಯವರು ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರು. ಸೊಲ್ಲಾಪುರದವರು ಚಿಲ್ಲರೆಗೆ ಜಗಳ ತೆಗೆಯುವವರು. ಬೆಂಗಳೂರು ಗಾಡಿಯವರು ಬೋರ್ಡು ಕಣ್ಣ ಮುಂದಿದ್ದರೂ ಮೂರು ಸಲ ಕೇಳುವವರು, "ಅನ್ನ ತಿಂದು ತಿಂದು ಮೆತ್ತಗಾಗ್ಯಾರ." ಹೈದರಾಬಾದಿನವರ ಬಗ್ಗೆ, ನಮ್ಮ ಓಣಿಯ ಮುಸಲ್ಮಾನರ ಬಗ್ಗೆ, ಎದುರು ಮನೆಯ ಜೋಶಿಗಳ ಬಗ್ಗೆ, ಒಬ್ಬೊಬ್ಬರ ಬಗ್ಗೆಯೂ ಒಂದೊಂದು ತೀರ್ಪು ಸಿದ್ಧವಿರುತ್ತಿತ್ತು. ಊಟಕ್ಕೆ ಕೂತಾಗ ಅವನ್ನು ರೊಟ್ಟಿಯ ಜೊತೆ ಒಂದೊಂದೇ ಮುರಿದು ನಮಗೆ ಕೊಡುತ್ತಿದ್ದ. ನಮ್ಮವರ ಬಗ್ಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ನಾವು ಕಮಲಾಪುರದ ಕಡೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಹಾಗಾಗಿ ಸರಿಯಿದ್ದವರು, ಅಷ್ಟೆ. ಮನುಷ್ಯರೆಲ್ಲ ಒಂದೇ ಎಂದ ಶರಣರ ಚಿತ್ರವೊಂದು ಪಡಸಾಲೆಯ ಗೋಡೆಯ ಮೇಲಿತ್ತು. ಅದರ ಕೆಳಗೆ, ಬಾಗಿಲ ಪಕ್ಕದಲ್ಲಿ, ಗೋಡೆಯೊಳಗೆ ಒಂದು ಗೂಡು. ಆ ಗೂಡಿನಲ್ಲಿ ಬೋರಲು ಹಾಕಿದ ಒಂದು ಪಿಂಗಾಣಿ ಕಪ್ಪು, ಬಿಳಿಯದು, ಮೈಮೇಲೆ ನೀಲಿ ಹೂವು.

ಆ ಕಪ್ಪು ಮಾರುತಿ ಕಾಕಾನದು. ಮಾರುತಿ ಕಾಕಾ ಕಂಡಕ್ಟರ್. ತಾಜಸುಲ್ತಾನಪುರದವನು, ಅಲ್ಲಿಯ ಊರ ಹೊರಗಿನ ಓಣಿಯವನು. ಅಪ್ಪನಿಗೆ ಅವನನ್ನು ಬಿಟ್ಟರೆ ಬೇರೆ ಗೆಳೆಯರು ಇದ್ದದ್ದು ನಾನು ಕಂಡಿಲ್ಲ. ನಿಲ್ದಾಣದ ಕ್ಯಾಂಟೀನಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಬಾಲದಿಯಲ್ಲಿ ಅದ್ದಿ ತೆಗೆದ ಗಾಜಿನ ಗ್ಲಾಸುಗಳಲ್ಲಿ ಚಹ ಕುಡಿಯುತ್ತಿದ್ದರು. ನಾನೇ ನೋಡಿದ್ದೇನೆ. ಆದರೆ ಮನೆಯ ಹೊಸ್ತಿಲು ದಾಟಿದ ಮೇಲೆ ಕಾಯಿದೆ ಬೇರೆ. ಕಾಕಾ ಪಡಸಾಲೆಯಲ್ಲಿ ಬಾಗಿಲ ಹತ್ತಿರ ಕೂರಬಹುದು, ನೆಲದ ಮೇಲೆ. ಗೂಡಿನ ಕಪ್ಪನ್ನು ತಾನೇ ತೆಗೆದುಕೊಂಡು ಹಿಡಿಯಬೇಕು. ಅವ್ವ ಒಳಗಿನಿಂದ ಚಹದ ಪಾತ್ರೆ ತಂದು ಮೇಲಿನಿಂದ ಸುರಿಯುತ್ತಾಳೆ. ಕುಡಿದವನೇ ಅಂಗಳದ ನಳಕ್ಕೆ ಹೋಗಿ ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಬೇಕು. ಆ ಕಪ್ಪು ಅಡುಗೆಮನೆಯ ಒಳಗೆ ಎಂದೂ ಬರುವಂತಿರಲಿಲ್ಲ. ಇದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಚಪ್ಪಲಿ ಹೊರಗೆ ಬಿಡುವುದು ಹೇಗೆ ತಿಳಿದಿತ್ತೋ ಹಾಗೆಯೇ ತಿಳಿದಿತ್ತು. ಒಂದು ಸಲ ಕಾಕಾ ಅವಸರದಲ್ಲಿದ್ದ. ಕಪ್ಪು ತೆಗೆದುಕೊಳ್ಳುವುದು ಬಿಟ್ಟು ಮೇಜಿನ ಮೇಲಿದ್ದ ಸ್ಟೀಲಿನ ಲೋಟದ ಕಡೆ ಅವನ ಕೈ ಸರಿಯಿತು, ನೀರಿಗೆಂದು ಕಾಣುತ್ತದೆ. "ಕಾಕಾ, ನಿಮ್ಮ ಕಪ್ಪು ಅಲ್ಲಿ ಅದ," ಎಂದೆ ನಾನು. ಶಾಣ್ಯಾ ಹುಡುಗಿಯ ಹಾಗೆ ಗೂಡಿಗೆ ಬೆರಳು ತೋರಿಸಿದೆ. ಅವನು ಕೈ ಹಿಂದಕ್ಕೆ ತೆಗೆದು, "ಹೌದಲ್ಲ, ಮರ್ತೆ ನೋಡು ತಂಗಿ," ಎಂದು ನಕ್ಕ. ಆ ಬೆರಳು ನನ್ನದೇ. ಅಪ್ಪನ ತಪ್ಪು ಬರೆಯುವಾಗಲೆಲ್ಲ ಇದನ್ನು ಮೊದಲು ಬರೆಯಬೇಕೆಂದು ನಾನು ದಿನಚರಿಯಲ್ಲಿ ಎಷ್ಟೋ ಸಲ ಗುರುತು ಹಾಕಿಕೊಂಡಿದ್ದೇನೆ.

ಕಾಕಾ ಬರುತ್ತಿದ್ದದ್ದು ಆ ಧಾರಾವಾಹಿಗೆ. ಅವರ ಓಣಿಯಲ್ಲಿ ಆಗ ಟಿವಿ ಇರಲಿಲ್ಲ. ಹಿಂದಿಯ ನಗೆಯ ಧಾರಾವಾಹಿ ಅದು. ಮುಂಬಯಿಯ ಒಂದು ಚಾಳಿನಲ್ಲಿ ಒಬ್ಬ ನಿವೃತ್ತ ಗುಮಾಸ್ತ. ಸಿಡುಕು ಮೋರೆ, ಹೆಗಲ ಮೇಲೆ ಟವೆಲ್. ಅಕ್ಕಪಕ್ಕದವರಲ್ಲಿ ಯಾರೂ ಅವನಿಗೆ ಸರಿಬರುವುದಿಲ್ಲ. ಒಬ್ಬರ ಅಡುಗೆಯ ವಾಸನೆ, ಇನ್ನೊಬ್ಬರ ಭಾಷೆ, ಮತ್ತೊಬ್ಬರ ದೇವರು, ಎಲ್ಲದಕ್ಕೂ ಮೂಗು ಮುರಿಯುತ್ತಾನೆ. ದಿನಾ ಬೆಳಿಗ್ಗೆ ಎದ್ದು ತನ್ನ ಬಾಗಿಲ ಮುಂದೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾನೆ, ಅದನ್ನು ಯಾರೂ ದಾಟಬಾರದು. ಪ್ರತಿ ವಾರವೂ ಏನೋ ಒಂದಾಗಿ ಗೆರೆ ಕೆಡುತ್ತದೆ. ಕೂಸು ಅಂಬೆಗಾಲಿಕ್ಕಿ ಬರುತ್ತದೆ, ಪಕ್ಕದ ಮನೆಯ ನಿಂಬೆಹಣ್ಣು ಉರುಳಿ ಬರುತ್ತದೆ, ಅವನದೇ ಸಂಬಂಧಿಕರು ತಪ್ಪು ಬಾಗಿಲು ಬಡಿಯುತ್ತಾರೆ. ಅಪ್ಪ ಅದನ್ನು ನೋಡಿ ನಗುತ್ತಿದ್ದ ರೀತಿಯೇ ಬೇರೆ. ಮೊದಲು ಭುಜ ಅಲುಗುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಕೆಮ್ಮು ಬಂದು ಕಣ್ಣಲ್ಲಿ ನೀರು. "ಮಾರ್ಯಾ, ನೋಡಲೇ ಆಂವನ ಮಾರಿ! ನೋಡಲೇ!" ಎಂದು ಬಾಗಿಲ ಕಡೆ ತಿರುಗಿ ಕೂಗುತ್ತಿದ್ದ. "ನೋಡಾಕತ್ತೀನ್ರೀ ಸಾಹೇಬ್ರ," ಎನ್ನುತ್ತಿದ್ದ ಕಾಕಾ, ಕಪ್ಪು ಹಿಡಿದುಕೊಂಡು. ವಾರವಿಡೀ ಗುಡುಗುವ ಅಪ್ಪ ಆ ಅರ್ಧ ಗಂಟೆ ನಮ್ಮವನಾಗುತ್ತಿದ್ದ. ಅದಕ್ಕೇ ಮನೆಯಲ್ಲಿ ಎಲ್ಲರೂ ಆ ಸಂಜೆಗೆ ಕಾಯುತ್ತಿದ್ದೆವು, ಧಾರಾವಾಹಿಗಿಂತ ಹೆಚ್ಚಾಗಿ ಅಪ್ಪನ ನಗುವಿಗೆ.

ನನಗೆ ಆಗ ಒಂಬತ್ತೋ ಹತ್ತೋ. ಪರೀಕ್ಷೆ ಮುಗಿದಿತ್ತು. ಆ ವಾರದ ಕಂತಿನಲ್ಲಿ ಚಾಳಿನ ಹೆಂಗಸೊಬ್ಬಳು ಬಾಲದಿ ನೀರು ಚೆಲ್ಲಿ ಗೆರೆಯನ್ನು ಪೂರ್ತಿ ಅಳಿಸಿಬಿಟ್ಟಳು. ಮುದುಕ ಹೊರಗೆ ಬಂದು ತನ್ನ ಜಾಗ ಎಲ್ಲಿಯವರೆಗೆ ಎಂದು ತನಗೇ ತಿಳಿಯದೆ, ಒಂದು ಕಾಲು ಎತ್ತಿಕೊಂಡು, ಇಡಲೋ ಬೇಡವೋ ಎಂದು ನಿಂತ. ಅಪ್ಪ ಕೆಮ್ಮುವವರೆಗೆ ನಕ್ಕ. ಅವ್ವ ಬಾಗಿಲಿಗೆ ಒರಗಿ ನಕ್ಕಳು. ನಾನೂ ನಗುತ್ತ ನಗುತ್ತ, ಏನೂ ಯೋಚಿಸದೆ, ಅಂದೆ: "ಅಪ್ಪಾ, ಈ ಮುದುಕ ನಿನ್ನಂಗೇ ಅದಾನಲ್ಲ! ಆಂವಗ ಗೆರಿ, ನಿನಗ ಕಪ್ಪು!"

ಟಿವಿಯಲ್ಲಿ ಮಾತ್ರ ನಗು ಮುಂದುವರಿಯಿತು. ಅಪ್ಪ ಎದ್ದ. ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಹೋಗುತ್ತಿತ್ತೇನೋ. ಟಿವಿಯ ಬಾಗಿಲನ್ನು ಗರ್ರೆಂದು ಎಳೆದು ಮುಚ್ಚಿದ. ಒಳಗೆ ಟಿವಿ ಹಚ್ಚಿದ್ದು ಹಾಗೇ ಇತ್ತು. ಮುಚ್ಚಿದ ಪೆಟ್ಟಿಗೆಯೊಳಗಿಂದ ಜನ ನಗುವುದು ಕೇಳುತ್ತಲೇ ಇತ್ತು. ಕಾಕಾ ಅರ್ಧ ಚಹವಿದ್ದ ಕಪ್ಪನ್ನು ಅಂಗಳಕ್ಕೆ ಒಯ್ದು, ಚೆಲ್ಲಿ, ತೊಳೆದು, ಗೂಡಿನಲ್ಲಿಟ್ಟು, "ಬರ್ತೀನ್ರೀ ಸಾಹೇಬ್ರ," ಎಂದು ಹೊರಟುಹೋದ. ಮರುದಿನ ಬೆಳಗಿನ ಹುಮನಾಬಾದ್ ಗಾಡಿಯಲ್ಲಿ ನನ್ನನ್ನು ಕಮಲಾಪುರದ ಅಜ್ಜಿಯ ಮನೆಗೆ ಕಳಿಸಿದರು. ಬೇಸಿಗೆ ಸೂಟಿಗೆ ಪ್ರತಿವರ್ಷ ಕಳಿಸುತ್ತಿದ್ದರು, ಆದರೆ ಆ ವರ್ಷ ಅದು ಶಿಕ್ಷೆ ಎಂದೇ ನಾನು ತಿಳಿದೆ. ಅಜ್ಜಿಯ ಮನೆಯ ಹಿಂದೆ ಕೆಂಪು ಬಾಳೆಯ ತೋಟ. ಒಳಮನೆಯಲ್ಲಿ ಗೊನೆ ಹಣ್ಣಿಗೆ ಹಾಕಿದ್ದರ ಸಿಹಿ ವಾಸನೆ ಗೋಡೆಗೇ ಹತ್ತಿಕೊಂಡಿರುತ್ತಿತ್ತು. ಅಲ್ಲಿ ಕೂತು ಶಾಲೆಯ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಮೊದಲ ಸಲ ದಿನಚರಿ ಬರೆದೆ. ಜೂನಿನಲ್ಲಿ ಕಲಬುರಗಿಗೆ ಮರಳಿದಾಗ ಗೂಡು ಖಾಲಿಯಿತ್ತು. ವಾರ ಬಂತು, ಧಾರಾವಾಹಿ ಬಂತು, ಕಾಕಾ ಬರಲಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ, ಯಾರೂ ತಾವಾಗಿ ಹೇಳಲಿಲ್ಲ. ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಪೆನ್ಸಿಲ್ಲಿನಲ್ಲಿ ಒಂದೇ ಸಾಲು: "ನನ್ನ ಸಲುವಾಗಿ ಮಾರುತಿ ಕಾಕಾ ಬರೂದು ಬಿಟ್ಟ." ನೆನಪನ್ನು ನಂಬಬಾರದು ಎಂದು ಮುಂದೆ ಎಷ್ಟು ಓದಿದರೂ, ಬರೆದಿಟ್ಟ ಆ ಸಾಲನ್ನು ಮಾತ್ರ ನಾನು ಎಂದೂ ಅನುಮಾನಿಸಲಿಲ್ಲ.

ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ನನಗೆ ಆ ಕಪ್ಪಿಗೆ ಏನೆನ್ನಬೇಕು, ಆ ಗೂಡಿಗೆ ಏನೆನ್ನಬೇಕು ಎಂದು ದೊಡ್ಡ ದೊಡ್ಡ ಮಾತುಗಳು ಸಿಕ್ಕವು. ಅಪ್ಪ ಅಷ್ಟರಲ್ಲಿ ನಿವೃತ್ತನಾಗಿ, ಅವ್ವನ ಜೊತೆ ಕಮಲಾಪುರಕ್ಕೆ ಹೋಗಿ ಬಾಳೆತೋಟ ನೋಡಿಕೊಂಡಿದ್ದ. ಒಂದು ದೀಪಾವಳಿಗೆ ಹೋದಾಗ, ಅಪ್ಪ ಹಿತ್ತಿಲ ಕಟ್ಟೆಯ ಮೇಲೆ ಕೂತು ಚಹ ಕುಡಿಯುತ್ತಿದ್ದಾಗ, ಕಲಿತ ಮಾತುಗಳನ್ನೆಲ್ಲ ಅವನ ಮುಂದೆ ಸುರುವಿದೆ. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಬಾಗಿಲ ಹತ್ತಿರ ಕೂರಿಸಿದಿರಿ, ಅವನ ಕೈಯಿಂದಲೇ ಕಪ್ಪು ತೊಳೆಸಿದಿರಿ, ಅದನ್ನೊಂದು ಮಗು ಹೇಳಿದ್ದಕ್ಕೆ ಅವನನ್ನೇ ಬಿಟ್ಟಿರಿ ಎಂದೆ. ಜೀವನದಲ್ಲಿ ಮೊದಲ ಸಲ ಅಪ್ಪನಿಗೆ ಬಹುವಚನ ಹಚ್ಚಿ ಮಾತಾಡಿದೆ, ಗೌರವಕ್ಕಲ್ಲ. ಅಪ್ಪ ಕೈಯಲ್ಲಿದ್ದ ಕಪ್ಪನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹಾಗೆ ನೋಡಿದ ಎಂದು ಈಗ ಅನ್ನಿಸುತ್ತದೆ. ಇದು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಹಿಡಿಕೆಯಿಲ್ಲದ ಹಳೆಯ ಕಪ್ಪು, ಎರಡೂ ಅಂಗೈಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದ. "ಮುಗೀತೇನು?" ಎಂದ. ಮುಗಿಯಿತು ಎಂದೆ. "ಹೋಗು, ನಿಮ್ಮವ್ವ ಹೋಳಿಗಿ ಮಾಡಾಕತ್ತಾಳ, ಬಿಸಿ ಇದ್ದಾಗ ತಿನ್ನು." ಇಷ್ಟೇ. ಇದಾದ ಮೇಲೆ ನಮ್ಮಿಬ್ಬರ ನಡುವೆ ಮಾತು ನಿಲ್ಲಲಿಲ್ಲ, ಆದರೆ ಬೆಳೆಯಲೂ ಇಲ್ಲ. ಹವಾ, ತೋಟ, ಬಿ.ಪಿ. ಗುಳಿಗೆ, ಬಸ್ಸಿನ ಟೈಮು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಬಾಳೆತೋಟದ ಅಂಚಿನಲ್ಲಿ ಅಜ್ಜಿಯ ಪಕ್ಕದಲ್ಲಿಯೇ ಕೂರಿಸಿ ಮಣ್ಣು ಮಾಡಿದೆವು. ಕಮಲಾಪುರದ ಮನೆಯೂ ಮುಂದಿನ ವರ್ಷವೇ ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಕಮಲಾಪುರ ದಾಟುವಾಗ ನಮ್ಮ ಪಡಸಾಲೆಯ ಮೇಲೆಯೇ ಲಾರಿಗಳು ಓಡುತ್ತವೆ.

ಮಣ್ಣಿನ ದಿನ ಮಾರುತಿ ಕಾಕಾ ಬಂದಿದ್ದ. ತಲೆಯೆಲ್ಲ ಬೆಳ್ಳಗೆ, ಕೈಯಲ್ಲಿ ಕೋಲು. ಗುಂಪಿನ ಹಿಂದೆ ನಿಂತಿದ್ದವನು ಕೊನೆಗೆ ಒಂದು ಹಿಡಿ ಮಣ್ಣು ಹಾಕಿ, ನನ್ನ ಹತ್ತಿರ ಬಂದು, "ಸುವರ್ಣಾ, ಒಮ್ಮಿ ಮನೀಗಿ ಬಾರವಾ," ಎಂದು ಹೇಳಿ ಹೋದ. ಎರಡು ವರ್ಷ ನಾನು ಹೋಗಲಿಲ್ಲ. ಹೋಗಿ ಏನು ಕೇಳಲಿ, ಹೇಗೆ ಕ್ಷಮೆ ಬೇಡಲಿ ಎಂದು ಮುಂದಕ್ಕೆ ಹಾಕುತ್ತಲೇ ಬಂದೆ. ರಿಪೇರಿ ಅಂಗಡಿಯ ಆ ವಾಸನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಆಟೋ ಹಿಡಿದು ತಾಜಸುಲ್ತಾನಪುರಕ್ಕೆ ಹೋದೆ.

ಕಾಕಾನ ಮನೆ ಈಗ ಎರಡು ಅಂತಸ್ತು, ಗೋಡೆಯ ತುಂಬುವಷ್ಟು ದೊಡ್ಡ ಟಿವಿ. ಸೊಸೆ ಚಹ ತಂದಳು, ಎಲ್ಲರಿಗೂ ಒಂದೇ ತರದ ಕಪ್ಪು. ನಾನು ಕುಡಿಯಲಾಗದೆ ಹಾಗೇ ಹಿಡಿದುಕೊಂಡು ಕೂತೆ. ಬಂದ ಕೆಲಸ ಹೇಳಿಬಿಡಬೇಕೆಂದು ಹೇಳಿದೆ: "ಕಾಕಾ, ನನ್ನ ಮಾತಿಗಿ ನೀವು ನಮ್ಮ ಮನೀಗಿ ಬರೂದು ಬಿಟ್ರಿ. ಅದನ್ನ ಒಮ್ಮಿ ಎದುರಿಗಿ ಕುಂತು ಹೇಳ್ಬೇಕಿತ್ತು."

"ಯಾವ ಮಾತು?"

"ಆಂವಗ ಗೆರಿ, ನಿನಗ ಕಪ್ಪು ಅಂದಿದ್ನಲ್ಲ."

ಕಾಕಾ ತನ್ನ ಕಪ್ಪು ಕೆಳಗಿಟ್ಟ. ಆಮೇಲೆ ಅವನ ಭುಜ ಅಲುಗತೊಡಗಿತು. "ಯಾರಂದ್ರು ನಾ ಬರೂದು ಬಿಟ್ಟೆ ಅಂತ? ಮುಂದಿನ ವಾರನೂ ಬಂದಿದ್ದೆ. ಅದರ ಮುಂದಿನ ವಾರನೂ ಬಂದೆ. ನೀನ ಇರಲಿಲ್ಲ, ಕಮಲಾಪುರದಾಗ ಬಾಳಿಹಣ್ಣ ತಿನಕೋತ ಕುಂತಿದ್ದಿ! ಆಮ್ಯಾಲ ನನಗ ಹುಮನಾಬಾದಿಗಿ ಬದಲಿ ಆಯ್ತು, ಅದಕ್ಕ ತಪ್ತು. ಹನ್ನೆರಡು ವರ್ಷ ಅಲ್ಲೇ ಇದ್ದೆ."

ಬದಲಿ. ಆ ಮೂರು ಅಕ್ಷರ ತಿಳಿಯದ ಹುಡುಗಿಯ ಒಂದು ಪೆನ್ಸಿಲ್ ಸಾಲನ್ನು ನಾನು ಇಷ್ಟು ವರ್ಷ ಹೊತ್ತಿದ್ದೆ. ಕಾಕಾ ನಗು ನಿಲ್ಲಿಸಿ ಹೇಳಿದ: "ಬರಬಾರದು ಅಂತ ಮನಸ್ಸಿನ್ಯಾಗ ಇತ್ತು, ಸುಳ್ಳ ಯಾಕ ಹೇಳ್ಲಿ. ನಿನ್ನ ಮಾತಿಗಲ್ಲ. ನೀ ಹೇಳಿದ್ದು ನನಗ ಗೊತ್ತಿರಲಿಲ್ಲ ಅಂತೇನು? ಅದಕ್ಕಿಂತ ಮೊದಲ ಎಷ್ಟೋ ಸಲ ಆ ಕಪ್ಪು ಅಲ್ಲೇ ಒಡದು ಹಾಕ್ಬೇಕು ಅನ್ನಿಸಿತ್ತು. ಈ ಸಲ ಹೋಗೂದ ಬ್ಯಾಡ ಅಂತ ಗಟ್ಟಿ ಮಾಡ್ಕೊಂಡಿದ್ದೆ. ಮುಂದಿನ ವಾರ ಸಂಜಿ ಗಾಡಿ ತಂದು ಹಚ್ಚೀನಿ, ನಿಮ್ಮಪ್ಪ ಮೈಕಿನ್ಯಾಗ ಶುರು ಮಾಡ್ದ: 'ಕಂಡಕ್ಟರ್ ಮಾರುತಿ, ಕಂಡಕ್ಟರ್ ಮಾರುತಿ, ಏಳು ಗಂಟೆಗೆ ಸರಿಯಾಗಿ ಕಂಟ್ರೋಲರ್ ಮನೆಗೆ ಹಾಜರಾಗತಕ್ಕದ್ದು.' ಸ್ಟ್ಯಾಂಡಿನ ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ರು, ಏನ್ ಕಳವು ಮಾಡ್ಯಾನ ಇವ ಅಂತ!"

ನನಗೆ ನಗು ಬಂತು, ಅಳುವೂ ಬಂತು. ಕಾಕಾ ಉಳಿದದ್ದನ್ನು ಹೇಳಿದ. ಅವನು ಬಂದು ಎಂದಿನಂತೆ ಬಾಗಿಲ ಹತ್ತಿರ ಕೂತ. ಧಾರಾವಾಹಿ ಶುರುವಾಯಿತು. ಚಹದ ಹೊತ್ತಿಗೆ ಗೂಡಿಗೆ ಕೈ ಹಾಕಿದರೆ ಕಪ್ಪಿಲ್ಲ. ಅಷ್ಟರಲ್ಲಿ ಅವ್ವ ಒಳಗಿನಿಂದ ಚಹ ತಂದಳು, ಒಂದು ಕೈಯಲ್ಲಿ ಸ್ಟೀಲಿನ ಲೋಟ, ಇನ್ನೊಂದರಲ್ಲಿ ಅದೇ ನೀಲಿ ಹೂವಿನ ಕಪ್ಪು, ಎರಡರಲ್ಲೂ ಹಬೆಯಾಡುವ ಚಹ. ಕಣ್ಣು ಟಿವಿಯ ಮೇಲೆ. ಲೋಟವನ್ನು ಕಾಕಾನ ಮುಂದೆ ಇಟ್ಟಳು, ಕಪ್ಪನ್ನು ಅಪ್ಪನ ಕೈಗೆ ಕೊಟ್ಟಳು. "'ಅಕ್ಕಾರ, ಅದಲಾಬದಲಿ ಆಗ್ಯಾದ ನೋಡ್ರಿ,' ಅಂದೆ. ಆಕಿ ಕೇಳಿಸ್ಕೊಳ್ಳಲೇ ಇಲ್ಲ. ಟಿವಿ ನೋಡಿ ನಗಾಕತ್ತಿದ್ಲು. ನಿಮ್ಮಪ್ಪ ಕಪ್ಪಿನ್ಯಾಗ ನೋಡ್ದ, ನಿಮ್ಮವ್ವನ ನೋಡ್ದ. ನಾ ಎದ್ದು ನಿಂತೀನಿ, ಓಡ್ಲೋ ಇರ್ಲೋ ಅಂತ. 'ಕುಂದರೋ ಮಾರ್ಯಾ, ಅಡ್ಡ ಬಂದೀ, ಟಿವಿ ಕಾಣವಲ್ದು,' ಅಂದ. ಅಂದವನ, ಕುಡದ."

"ಕುಡದ್ನಾ?"

"ಪೂರಾ ಕುಡದ. ನಾನೂ ಲೋಟದಾಗ ಕುಡದೆ. ಅಲ್ಲೀತನ ಎಲ್ಲಾ ಬರೋಬರಿ. ಕುಡದ ಮ್ಯಾಲ ಫಜೀತಿ. ಆ ಕಪ್ಪಿನ್ಯಾಗ ಯಾರು ಕುಡೀತಾರೋ ಅವರ ತೊಳೀಬೇಕಲ್ಲ? ನಾ ರೂಢಿ ಮ್ಯಾಗ ಎದ್ದೆ. ನಿಮ್ಮಪ್ಪನೂ ಎದ್ದ. ಆಂವ ಹುಟ್ಟಿದಾಗಿಂದ ಒಂದು ಚಮಚಾ ತೊಳದವನಲ್ಲ. ಕಪ್ಪು ಹಿಡ್ಕೊಂಡು ನಳಕ್ಕ ನಡದ. ನಾ ಬೆನ್ನಹತ್ತಿದೆ, 'ಸಾಹೇಬ್ರ, ಕೊಡ್ರಿ, ಓಣಿ ಮಂದಿ ನೋಡ್ತಾರ.' 'ನೋಡ್ಲಿ.' 'ಕೊಡ್ರಿ ಅಂದ್ರ.' 'ಬಿಡೋ ಮಾರ್ಯಾ!' ನಾ ಹಿಡಿಕಿ ಹಿಡದು ಜಗ್ಗಿದೆ, ಆಂವ ಮೈ ಹಿಡದು ಜಗ್ಗಿದ. ಫಟ್ ಅಂತು. ಹಿಡಿಕಿ ನನ್ನ ಕೈಯಾಗ, ಕಪ್ಪು ಆಂವನ ಕೈಯಾಗ. ಇಬ್ರೂ ಕೆಸರಾಗ ನಿಂತು ಒಬ್ಬರ ಮಾರಿ ಒಬ್ಬರು ನೋಡ್ದಿವಿ. ಆಮ್ಯಾಲ ನಿಮ್ಮಪ್ಪಗ ಆ ನಗಿ ಬಂತು ನೋಡು, ಕೆಮ್ಮ ಬರೂ ನಗಿ."

ಹಿಡಿಕೆ ಮುರಿದ ಕಪ್ಪನ್ನು ಇನ್ನು ಯಾರಿಗೆ ಕೊಡುವುದು ಎಂದು ಅಪ್ಪ ತಾನೇ ಇಟ್ಟುಕೊಂಡು, ನಿಲ್ದಾಣದ ತನ್ನ ಕೋಣೆಗೆ ಒಯ್ದನಂತೆ. ನಾನು ಆಟೋದಲ್ಲಿ ಬರುವಾಗ, ದಾರಿಯುದ್ದಕ್ಕೂ, ಕಮಲಾಪುರದ ಆ ಹಿತ್ತಿಲ ಕಟ್ಟೆಯನ್ನೇ ನೋಡುತ್ತಿದ್ದೆ. ಎರಡು ಅಂಗೈಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದ ಅಪ್ಪ, ಅವನೆದುರು ನಿಂತು ಕಪ್ಪಿನ ಪಾಪ ಲೆಕ್ಕ ಹಾಕುತ್ತಿದ್ದ ನಾನು. ಇದೇ ಅದು ಎಂದು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ಅವನು ಹೇಳಲಿಲ್ಲ. ಹೋಳಿಗೆ ತಿನ್ನು ಎಂದ.

ಅಪ್ಪ ಬದಲಾದ ಎಂದು ನಾನು ಬರೆಯುವುದಿಲ್ಲ. ಅದು ಸುಳ್ಳಾಗುತ್ತದೆ. ಬೆಂಗಳೂರು ಗಾಡಿಯವರ ಬಗ್ಗೆ ಸಾಯುವವರೆಗೆ ಅದೇ ಮಾತು. ಕಮಲಾಪುರದ ತೋಟಕ್ಕೆ ಬರುತ್ತಿದ್ದ ಆಳುಗಳು ಯಾವುದರಲ್ಲಿ ಚಹ ಕುಡಿಯುತ್ತಿದ್ದರು ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ, ಆ ನೆನಪು ಬರದಿರುವುದರ ಮೇಲೂ ನನಗೆ ಗುಮಾನಿಯಿದೆ. ಒಂದು ಕಪ್ಪು ಒಂದು ಸಂಜೆ ಗೂಡಿನಿಂದ ಹೊರಬಂತು, ಅಷ್ಟೇ ನನಗೆ ಗೊತ್ತಿರುವುದು. ಆ ದಿನ ಅಲ್ಲಿಂದ ಹೊರಡುವ ಮೊದಲು ಕಾಕಾನ ಮುಂದೆ ಬಗ್ಗಿ ಕಾಲು ಮುಟ್ಟಹೋದೆ. ನನ್ನ ಆ ಬೆರಳಿನ ವಿಷಯ ಹೇಳಿದೆ, ಸ್ಟೀಲಿನ ಲೋಟದ ವಿಷಯ. "ಅದು ನೆನಪದ," ಎಂದ ಕಾಕಾ. ನಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಚಾ ಆರಿಹೋಯ್ತು, ಬ್ಯಾರೆ ಮಾಡಸ್ತೀನಿ ಕುಂದುರು," ಎಂದ. ಎರಡನೆಯ ಸಲ ಬಂದ ಚಹವನ್ನು ಬಿಸಿಬಿಸಿಯಾಗಿ ಕುಡಿದೆ. ಅಂಥ ಚಹ ನಾನು ಎಷ್ಟೋ ವರ್ಷಗಳಿಂದ ಕುಡಿದಿರಲಿಲ್ಲ. ಹಗುರವಾಗಿ ಉಸಿರಾಡುತ್ತ ಮನೆಗೆ ಬಂದೆ.

ಅವ್ವ ಈಗ ನನ್ನ ಜೊತೆ, ಶರಣಸಿರಸಗಿ ಕಡೆಯ ಹೊಸ ಬಡಾವಣೆಯ ಮನೆಯಲ್ಲಿದ್ದಾಳೆ. ಕಮಲಾಪುರದ ಮನೆ ಖಾಲಿ ಮಾಡುವಾಗ ಆಕೆ ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ರೊಟ್ಟಿ ತಟ್ಟುವ ಕೊಣಮಿಗೆ, ಮತ್ತೆ ಒಂದು ಮುರುಕು ಕಪ್ಪು. "ಇದನ್ಯಾಕ ಹೊತ್ಕೊಂಡು ಬಂದೀ?" ಎಂದು ನಾನೇ ಬೈದಿದ್ದೆ. ಉಪ್ಪು ಹಾಕಿಡಲು ಬೇಕು ಎಂದಿದ್ದಳು. ಒಂದು ವರ್ಷದಿಂದ ನಾನು ದಿನಾ ಅದರಿಂದಲೇ ಉಪ್ಪು ತೆಗೆದು ಸಾರಿಗೆ ಹಾಕುತ್ತಿದ್ದೇನೆ. ಆವತ್ತು ಉಪ್ಪನ್ನು ಬೇರೆ ಡಬ್ಬಿಗೆ ಸುರುವಿ, ತೊಳೆದು, ಬೆಳಕಿಗೆ ಹಿಡಿದೆ. ಹಿಡಿಕೆಯಿದ್ದ ಜಾಗದಲ್ಲಿ ಎರಡು ಒರಟು ಗುರುತು, ಒಳಗೆ ಚಹದ ಕಂದು ಬಳೆ, ಸವೆದುಹೋದ ಹೂವಿನಲ್ಲಿ ಉಳಿದದ್ದು ಅಡಿಯ ಹತ್ತಿರ ಉಗುರಿನಷ್ಟು ನೀಲಿ ಎಸಳು.

ಮೊಬೈಲಿನಲ್ಲಿ ಹುಡುಕಿದಾಗ ಆ ಧಾರಾವಾಹಿಯ ಕೆಲವು ಕಂತುಗಳು ಸಿಕ್ಕವು. ಚಿತ್ರದ ತುಂಬ ಅದೇ ಜೋಳದ ಹಿಟ್ಟು. ಗೆರೆ ಅಳಿಸಿದ ಕಂತೂ ಸಿಕ್ಕಿತು. ಅಳಿಸಿದ್ದು ನೀರಲ್ಲ, ಕಸಬರಿಗೆ. ಇಷ್ಟು ವರ್ಷ ನನ್ನ ನೆನಪಿನಲ್ಲಿ ಚೆಲ್ಲಿದ್ದ ಬಾಲದಿ ನೀರು ಎಲ್ಲಿಂದ ಬಂತೋ ಗೊತ್ತಿಲ್ಲ. ಅವ್ವ ಮಂಚದ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮುದುಕ ಒಂಟಿ ಕಾಲಿನಲ್ಲಿ ನಿಂತಾಗ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳ ನಗು ನಿಲ್ಲುವುದನ್ನು ಕಾದು, ತೊಳೆದ ಕಪ್ಪನ್ನು ಅವಳ ಮುಂದೆ ಇಟ್ಟೆ.

"ಅವ್ವಾ, ಅವತ್ತ ನೀ ಟಿವಿ ನೋಡ್ಕೋತ ಮರ್ತು ಅದಲಾಬದಲಿ ಕೊಟ್ಟೀ ಅಂತ ಮಾರುತಿ ಕಾಕಾ ಇನ್ನೂ ತಿಳ್ಕೊಂಡಾನ. ಚಾ ನೀ ಹೊರಗ ತಂದು ಸುರೀತಿದ್ದಿ. ಗೂಡಿನಾಗ ಇರೂ ಕಪ್ಪು ಒಳಗ ಒಲಿ ಹತ್ರ ಹೆಂಗ ಬಂತು?"

ಅವ್ವ ಕಪ್ಪನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಸೆರಗಿನಿಂದ ಒಳಗೊಮ್ಮೆ ಒರೆಸಿದಳು. "ಉಪ್ಪು ಎಲ್ಲಿ ಸುರುವೀ?" ಎಂದು ಕೇಳಿದಳು. ಹ್ಯಾಂಗಾದರೂ ಆಗಲಿ, ಹೇಳವ್ವಾ ಎಂದೆ. ಆಕೆ ಮೊಬೈಲಿನ ಕಡೆ ಕೈಮಾಡಿ, ಇನ್ನೊಮ್ಮೆ ಹಚ್ಚು, ಧ್ವನಿ ಸ್ವಲ್ಪ ಏರಸು ಎಂದಳು.

ಅಂದಿನಿಂದ ಮೂರು ವಾರವಾಯಿತು. ಕಪ್ಪಿನಲ್ಲಿ ಮತ್ತೆ ಉಪ್ಪು ತುಂಬಿದೆ, ಯಾವಾಗ ತುಂಬಿದಳೋ ನಾನು ನೋಡಲಿಲ್ಲ. ಚಹ ಸೋಸುವಾಗ ನಾನು ಅಡುಗೆಮನೆಯಿಂದ ದಿನಾ ಒಮ್ಮೆ ಕೂಗಿ ಕೇಳುತ್ತೇನೆ: ಅವ್ವಾ, ಆ ಕಪ್ಪು ಒಳಗ ಹೆಂಗ ಬಂತು?